ಬೈಕೇರಿ ಮಲೆನಾಡಿಗೆ: ಮಲೆಬೆನ್ನೂರಿನಿಂದ ಹೊರಡಲು ಯಾವ ಕಾಲ ಸೂಕ್ತ?

ಜುಲೈ ತಿಂಗಳ ಭಾನುವಾರದ ಬೆಳಿಗ್ಗೆ. ಹರಿಹರ ತಾಲೂಕಿನ ಮಲೆಬೆನ್ನೂರಿನ ಹೆದ್ದಾರಿಯಲ್ಲಿ ಶಿವಮೊಗ್ಗದ ದಿಕ್ಕಿಗೆ ನಾಲ್ಕಾರು ಬೈಕುಗಳು ಸಾಲಾಗಿ ಹೊರಟಿವೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯ ತರುಣರು. ಆಕಾಶದಲ್ಲಿ ಮೋಡವಿದೆ, ಮಳೆ ಹನಿಯುತ್ತಿದೆಯೆಂದರೆ ಹನಿಯುತ್ತಿದೆ, ಇಲ್ಲವೆಂದರೆ ಇಲ್ಲ. ಇಷ್ಟೇ ಮಳೆಯಾದರೆ ಚಿಂತೆಯೇನು ಎಂದುಕೊಂಡು ಹೊರಟವರು ಮೂರು ಗಂಟೆಗಳ ಬಳಿಕ ತೀರ್ಥಹಳ್ಳಿ ದಾಟುವ ಹೊತ್ತಿಗೆ ಎದುರಿನ ವಾಹನದ ದೀಪವೂ ಕಾಣದಂತಹ ಜಡಿಮಳೆಯಲ್ಲಿ ಸಿಲುಕಿರುತ್ತಾರೆ. ಹಿಂದಿರುಗೋಣವೆಂದರೆ ಮರ್ಯಾದೆಯ ಪ್ರಶ್ನೆ, ಮುಂದುವರಿಯೋಣವೆಂದರೆ ಆಗುಂಬೆಯ ಘಾಟಿ. ಬಯಲುಸೀಮೆಯ ಸವಾರರು ಮಾಡುವ ಮೊದಲ ತಪ್ಪು ಇದೇ: ತಮ್ಮ ತಲೆಯ ಮೇಲಿನ ಆಕಾಶವನ್ನು ನೋಡಿ ಬೆಟ್ಟದ ಪ್ರಯಾಣದ ದಿನವನ್ನು ನಿಶ್ಚಯಿಸುವುದು.

ಮಲೆನಾಡಿನ ಪ್ರವಾಸಕ್ಕೆ ಯಾವ ಕಾಲ ಒಳ್ಳೆಯದು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಮಳೆಗಾಲ ಎನ್ನುತ್ತಾರೆ. ಬಸ್ಸಿನಲ್ಲೋ ಕಾರಿನಲ್ಲೋ ಕುಳಿತು ಹೋಗುವವರಿಗೆ ಆ ಉತ್ತರ ಒಪ್ಪತಕ್ಕದ್ದೇ. ಎರಡು ಚಕ್ರಗಳ ಮೇಲೆ ಹೋಗುವವನಿಗೆ ಮಾತ್ರ ಅದು ಎಲ್ಲಕ್ಕಿಂತ ಕೆಟ್ಟ ಉತ್ತರ. ನೇರವಾಗಿ ಹೇಳುವುದಾದರೆ, ಮಲೆಬೆನ್ನೂರಿನಿಂದ ಬೈಕಿನಲ್ಲಿ ಬೆಟ್ಟ ಏರುವವರಿಗೆ ವರ್ಷದಲ್ಲಿ ನಿಜವಾಗಿ ಹಿತವಾದ ಅವಧಿ ನವೆಂಬರ್ ಮೂರನೆಯ ವಾರದಿಂದ ಜನವರಿ ಕೊನೆಯವರೆಗಿನ ಹತ್ತು ವಾರಗಳಷ್ಟೇ. ಎರಡನೆಯ ಆಯ್ಕೆ ಅಕ್ಟೋಬರ್ ತಿಂಗಳ ಬೆಳಗಿನ ಹೊತ್ತು. ಉಳಿದ ತಿಂಗಳುಗಳಲ್ಲಿ ಹೋಗಬಾರದೆಂದಲ್ಲ. ಹೋಗುವವನು ಯಾವುದಕ್ಕೆ ಸಿದ್ಧನಿರಬೇಕು ಎಂಬುದನ್ನು ತಿಳಿದು ಹೋಗಬೇಕು.

ಎತ್ತರಕ್ಕಿಂತ ಸ್ಥಾನ ಮುಖ್ಯ

ಮಲೆಬೆನ್ನೂರಿನ ಹೆಸರಿನಲ್ಲೇ ‘ಮಲೆ’ ಇದೆ. ಊರಿನ ಸುತ್ತ ಇರುವುದು ಮಾತ್ರ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳ ಬಯಲು. ಇಲ್ಲಿಂದ ಹೊನ್ನಾಳಿಯ ಮೇಲೆ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಅಲ್ಲಿಂದ ದಾರಿ ಮೂರಾಗಿ ಕವಲೊಡೆಯುತ್ತದೆ. ಒಂದು ಮಂಡಗದ್ದೆ, ತೀರ್ಥಹಳ್ಳಿಯ ಮೂಲಕ ಆಗುಂಬೆಗೆ. ಇನ್ನೊಂದು ಸಾಗರದ ಮೂಲಕ ಜೋಗಕ್ಕೆ. ಮತ್ತೊಂದು ಭದ್ರಾವತಿ, ತರೀಕೆರೆಯ ಮೂಲಕ ಕೆಮ್ಮಣ್ಣುಗುಂಡಿ ಮತ್ತು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಗೆ. ಮೂರೂ ಒಂದೇ ಮಲೆನಾಡಿನ ದಾರಿಗಳಾದರೂ ಮೂರಕ್ಕೂ ಒಂದೇ ಋತುಮಾನವೆಂದು ಭಾವಿಸಬಾರದು.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ದಾವಣಗೆರೆ ನಗರ 600 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇಲ್ಲ. ಆದರೆ ದಾವಣಗೆರೆ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 650 ಮಿ.ಮೀ. ಆಸುಪಾಸಿನಲ್ಲಿದ್ದರೆ ಆಗುಂಬೆಯಲ್ಲಿ ಅದು 7,000 ಮಿ.ಮೀ. ಮೀರುತ್ತದೆ. ಹತ್ತು ಪಟ್ಟಿಗೂ ಹೆಚ್ಚು! ಅರಬ್ಬಿ ಸಮುದ್ರದಿಂದ ಬರುವ ನೈರುತ್ಯ ಮಾರುತ ಘಟ್ಟದ ಗೋಡೆಗೆ ಬಡಿದು ಮೇಲೇರಿ, ತಣಿದು, ಅಂಚಿನಲ್ಲೇ ತನ್ನ ನೀರನ್ನೆಲ್ಲ ಸುರಿದುಬಿಡುತ್ತದೆ. ಅಂಚನ್ನು ದಾಟಿ ಪೂರ್ವಕ್ಕೆ ಬಂದ ಗಾಳಿಯಲ್ಲಿ ಉಳಿಯುವುದು ತುಂತುರು ಮಾತ್ರ. ಆಗುಂಬೆ ಇರುವುದು ಆ ಅಂಚಿನ ಮೇಲೆಯೇ. ಮಲೆಬೆನ್ನೂರು ಇರುವುದು ಮಳೆಯ ನೆರಳಿನಲ್ಲಿ. ಹೀಗಾಗಿ ಬೆಟ್ಟದ ಎತ್ತರವನ್ನು ನೋಡಿ ಋತುವನ್ನು ನಿರ್ಣಯಿಸುವಂತಿಲ್ಲ, ಘಟ್ಟದ ಅಂಚಿಗೆ ಎಷ್ಟು ಹತ್ತಿರ ಎಂಬುದನ್ನು ನೋಡಬೇಕು. ಆಗುಂಬೆ, ಹುಲಿಕಲ್, ಚಾರ್ಮಾಡಿಗಳು ಅಂಚಿನ ಊರು ದಾರಿಗಳು. ಕೆಮ್ಮಣ್ಣುಗುಂಡಿ ಸುಮಾರು 1,430 ಮೀಟರ್, ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಅವು ಅಂಚಿನಿಂದ ಒಳಗೆ, ಪೂರ್ವಕ್ಕೆ ಸರಿದು ನಿಂತಿವೆ. ಅಲ್ಲಿ ಮಳೆಗಿಂತಲೂ ಗಾಳಿ, ಮಂಜು ಮತ್ತು ಚಳಿಯೇ ಸವಾರನನ್ನು ಪರೀಕ್ಷಿಸುವುದು.

ಚಳಿಯ ಲೆಕ್ಕ ಸರಳವಾದುದು. ಸಾವಿರ ಮೀಟರ್ ಏರಿದಂತೆ ತಾಪಮಾನ ಸುಮಾರು ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಅಂದರೆ ಮಲೆಬೆನ್ನೂರಿಗಿಂತ ಮುಳ್ಳಯ್ಯನಗಿರಿಯ ತುದಿ ಎಂಟೊಂಬತ್ತು ಡಿಗ್ರಿ ತಂಪು. ಓಡುತ್ತಿರುವ ಬೈಕಿನ ಮೇಲೆ ಎದುರುಗಾಳಿಗೆ ಅದು ಇನ್ನಷ್ಟು ಕಡಿಮೆಯೆನಿಸುತ್ತದೆ. ಡಿಸೆಂಬರ್ ಮುಂಜಾನೆ ತೆಳು ಅಂಗಿಯಲ್ಲಿ ಹೊರಟವನ ಬೆರಳುಗಳು ತರೀಕೆರೆಯ ಬೆಟ್ಟದ ದಾರಿಯಲ್ಲಿ ಮರಗಟ್ಟಿ, ಕ್ಲಚ್ ಹಿಡಿಯಲಾಗದೆ ಹೋಗುವುದು ಉತ್ಪ್ರೇಕ್ಷೆಯ ಮಾತಲ್ಲ.

ಮಳೆಗಾಲ: ಚಂದವೂ ಹೌದು, ಅಪಾಯವೂ ಹೌದು

ರೈತರ ಮಳೆ ನಕ್ಷತ್ರಗಳ ಪಟ್ಟಿ ಬೈಕ್ ಸವಾರನಿಗೂ ಉಪಯೋಗಕ್ಕೆ ಬರುತ್ತದೆ ಎಂದರೆ ನಗರದ ಓದುಗರು ನಗಬಹುದು. ಆದರೆ ಜೂನ್ ಕೊನೆಯ ವಾರಕ್ಕೆ ಹಿಡಿಯುವ ಆರಿದ್ರಾ, ಜುಲೈನ ಪುನರ್ವಸು ಮತ್ತು ಪುಷ್ಯ, ಆಗಸ್ಟ್ ಮೊದಲ ಪಾದದ ಆಶ್ಲೇಷ ಈ ನಾಲ್ಕು ಮಳೆಗಳ ಸುಮಾರು ಎಂಟು ವಾರಗಳು ಘಟ್ಟದ ಅಂಚಿನಲ್ಲಿ ವರ್ಷದ ಘೋರ ದಿನಗಳು. ಇತ್ತೀಚಿನ ವರ್ಷಗಳ ದುರಂತಗಳ ದಿನಾಂಕಗಳನ್ನು ನೋಡಿದರೆ ಇದು ಮನವರಿಕೆಯಾಗುತ್ತದೆ. ಕೊಡಗಿನ ಭೂಕುಸಿತಗಳು ಸಂಭವಿಸಿದ್ದು 2018ರ ಆಗಸ್ಟ್‌ನಲ್ಲಿ. ಆಗ ಮಡಿಕೇರಿ-ಸಂಪಾಜೆ ಹೆದ್ದಾರಿಯೇ ಕುಸಿದುಹೋಯಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರ ಸ್ಥಗಿತಗೊಂಡಿದ್ದು 2019ರ ಆಗಸ್ಟ್‌ನಲ್ಲಿ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಆಗುಂಬೆ ಘಾಟಿಯಲ್ಲಿ ಮಳೆಗಾಲದ ಈ ಅವಧಿಯಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸುವುದು ಬಹುತೇಕ ವಾಡಿಕೆಯೇ ಆಗಿದೆ. ಲಾರಿಗಳನ್ನು ತಡೆದಿದ್ದಾರೆ, ಬೈಕುಗಳನ್ನು ತಡೆದಿಲ್ಲ, ಆದ್ದರಿಂದ ಬೈಕಿಗೆ ಅಪಾಯವಿಲ್ಲ ಎಂದು ಅರ್ಥಮಾಡಿಕೊಳ್ಳುವವರಿದ್ದಾರೆ. ನಿರ್ಬಂಧ ವಿಧಿಸುವುದು ಭಾರದಿಂದ ರಸ್ತೆ ಕುಸಿಯದಿರಲೆಂದು. ಸವಾರನ ಸುರಕ್ಷತೆಗೆ ಅದು ಪ್ರಮಾಣಪತ್ರವಲ್ಲ.

ಭೂಕುಸಿತ ಅಪರೂಪದ ಮಾತಾಯಿತು. ನಿತ್ಯದ ಅಪಾಯಗಳು ಚಿಕ್ಕವು. ಮರದ ನೆರಳಿನಲ್ಲಿ ರಸ್ತೆಯ ಅಂಚಿಗೆ ಕಟ್ಟಿದ ಪಾಚಿ, ತಿರುವಿನಲ್ಲಿ ಲಾರಿಯಿಂದ ಚೆಲ್ಲಿದ ಡೀಸೆಲ್, ನೀರು ನಿಂತು ಆಳ ತಿಳಿಯದ ಗುಂಡಿ, ಹೆಲ್ಮೆಟ್ಟಿನ ಗಾಜಿಗೆ ಒಳಗಿನಿಂದ ಕಟ್ಟುವ ಮಂಜು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಮಂಜಿನಲ್ಲಿ 20 ಮೀಟರ್ ಆಚೆಗೆ ಏನೂ ಕಾಣದಿರುವಾಗ, ಅಡ್ಡಬಂದ ಹಸುವನ್ನು ಕಂಡು ಬ್ರೇಕಿನ ಮೇಲೆ ಬೆರಳಿಡುವುದರೊಳಗೆ ದಾರಿ ಮುಗಿದಿರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಗಿರುವುದು ನಿಜ. ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಡೆಯುತ್ತದೆ. ಟೈರಿಗೂ ರಸ್ತೆಗೂ ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು. ನಮ್ಮ ಊರುಗಳಲ್ಲಿ ಓಡುವ ಬೈಕುಗಳಲ್ಲಿ ಬಹುಪಾಲು 125 ಸಿಸಿಯ ಒಳಗಿನವೇ ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟಾದರೂ ಜಲಪಾತ ನೋಡಲೇಬೇಕೆಂಬ ಹಟವಿದ್ದರೆ? ಅದನ್ನು ಹೀಗಳೆಯುವಂತಿಲ್ಲ. ಡಿಸೆಂಬರ್‌ನಲ್ಲಿ ಹೋದವನಿಗೆ ಜೋಗದಲ್ಲಿ ಕಾಣುವುದು ಬಂಡೆಯೇ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಶರಾವತಿಯ ಭೋರ್ಗರೆತ ಮಳೆಗಾಲಕ್ಕೂ ಅಣೆಕಟ್ಟೆಯ ಬಾಗಿಲಿಗೂ ಕಟ್ಟುಬಿದ್ದಿದೆ. ಹಾಗಿರುವಾಗ ಮಘಾ ಮಳೆ ಕಳೆದು ಹುಬ್ಬೆ, ಉತ್ತರೆ ನಡೆಯುವ ಸೆಪ್ಟೆಂಬರ್ ತಿಂಗಳನ್ನು ಆರಿಸಿಕೊಳ್ಳುವುದು ಜಾಣತನ. ಮಳೆಯ ಬಿರುಸು ತಗ್ಗಿರುತ್ತದೆ, ನೀರು ಇನ್ನೂ ಇರುತ್ತದೆ. ಸಾಗರದ ದಾರಿ ಘಾಟಿಯಿಳಿಯದೆ ಜೋಗದ ತಲೆಯವರೆಗೂ ಒಯ್ಯುತ್ತದೆ ಎಂಬುದು ಇನ್ನೊಂದು ಅನುಕೂಲ. ಮಳೆಯ ದಿನಗಳಲ್ಲಿ ಬೈಕಿನಲ್ಲಿ ಹೋಗುವವರು ಘಟ್ಟದ ಮೇಲೆಯೇ ಉಳಿಯಬೇಕು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನು ಸೋಮೇಶ್ವರಕ್ಕೆ ಇಳಿದು, ಅದೇ ಸಂಜೆ ಮತ್ತೆ ಹತ್ತಿಬರುವ ಸಾಹಸವನ್ನು ಒಣ ದಿನಗಳಿಗೆ ಕಾದಿರಿಸಬೇಕು.

ಪತ್ರಿಕೆಯ ಜಲಾಶಯ ಪಟ್ಟಿ

ಬೆಟ್ಟದ ಹವಾಮಾನವನ್ನು ಬಯಲಿನಲ್ಲಿ ಕುಳಿತು ತಿಳಿಯುವ ಬಗೆ ಹೇಗೆ? ಹವಾಮಾನ ಇಲಾಖೆಯ ಮುನ್ಸೂಚನೆ ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಹಳದಿ ಎಚ್ಚರಿಕೆ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸಂಭವ, ಕಿತ್ತಳೆ ಎಂದರೆ 204.4 ಮಿ.ಮೀ.ವರೆಗೆ, ಕೆಂಪು ಅದಕ್ಕೂ ಮೇಲೆ. ಹಳದಿಯನ್ನು ಜನ ಲಘುವಾಗಿ ಕಾಣುತ್ತಾರೆ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆಯ ಹತ್ತನೆಯ ಒಂದು ಭಾಗ ಒಂದೇ ದಿನದಲ್ಲಿ ಸುರಿದರೂ ಅದು ಹಳದಿಯೇ ಎಂಬುದನ್ನು ಗಮನಿಸಿದರೆ ಆ ಬಣ್ಣದ ತೂಕ ತಿಳಿದೀತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯೂ ರೈತರಿಗಾಗಿ ಇರುವಂತಹುದು; ಸವಾರರು ಕೇಳಿದರೂ ನಷ್ಟವಿಲ್ಲ.

ಆದರೆ ಮುನ್ಸೂಚನೆ ಮುಂದಿನ ಮಾತು. ರಸ್ತೆ ಒಣಗಿದೆಯೋ ಇಲ್ಲವೋ ತಿಳಿಯಲು ಹಿಂದೆ ಬಿದ್ದ ಮಳೆಯ ಲೆಕ್ಕ ಬೇಕು. ಅದಕ್ಕೆ ನಮ್ಮ ಸೀಮೆಯ ಜನರ ಬಳಿ ಬೇರೆ ಊರಿನವರಿಗಿಲ್ಲದ ಸಾಧನವೊಂದಿದೆ. ಅದು ದಿನಪತ್ರಿಕೆಗಳಲ್ಲಿ ಪ್ರಕಟವಾಗುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿ. ಮಲೆಬೆನ್ನೂರು ಶಾಖಾ ನಾಲೆಯಲ್ಲಿ ಹರಿಯುವ ನೀರು ನಾವು ಬೈಕಿನಲ್ಲಿ ನೋಡಹೋಗುವ ಬೆಟ್ಟಗಳ ಮೇಲೆ ಬಿದ್ದ ಮಳೆಯೇ. ಭದ್ರಾ ಅಣೆಕಟ್ಟೆಯ ಮಟ್ಟ 186 ಅಡಿ ಮುಟ್ಟಿತೇ ಎಂದು ಅಚ್ಚುಕಟ್ಟಿನ ರೈತರು ದಿನವೂ ನೋಡುತ್ತಾರೆ. ಸವಾರನು ನೋಡಬೇಕಾದುದು ಮಟ್ಟವನ್ನಲ್ಲ, ಪಕ್ಕದ ಕಾಲಂನ ಒಳಹರಿವನ್ನು.

ಮೂರು ದಾರಿಗಳಿಗೆ ಮೂರು ಜಲಾಶಯಗಳು. ಗಾಜನೂರಿನ ತುಂಗಾ ಅಣೆಕಟ್ಟೆ ಬಲು ಚಿಕ್ಕದು, ಕೇವಲ 3.24 ಟಿಎಂಸಿ, ಶೃಂಗೇರಿ, ತೀರ್ಥಹಳ್ಳಿ ಸೀಮೆಯಲ್ಲಿ ಬಿದ್ದ ಮಳೆ ತಡವಿಲ್ಲದೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಒಳಹರಿವು ಏರುತ್ತಿದ್ದರೆ ಆಗುಂಬೆಯ ದಾರಿ ಬೇಡ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿಯ ದೊಡ್ಡ ಪಾತ್ರೆ. ಅದರ ಒಳಹರಿವು ಕಳಸ, ಬಾಳೆಹೊನ್ನೂರು ಮತ್ತು ಬಾಬಾಬುಡನ್‌ಗಿರಿಯ ಪಶ್ಚಿಮದ ಇಳಿಜಾರುಗಳ ಸಮಾಚಾರ ಹೇಳುತ್ತದೆ. ಲಿಂಗನಮಕ್ಕಿಯದು ಹೊಸನಗರ, ಸಾಗರ ಸೀಮೆಯದು. ಮಳೆಗಾಲದ ಉತ್ಕರ್ಷದಲ್ಲಿ ಹತ್ತಾರು ಸಾವಿರ ಕ್ಯೂಸೆಕ್ ಇರುವ ಒಳಹರಿವು ಒಂದು ವಾರ ಸತತವಾಗಿ ಇಳಿಯುತ್ತ ಬಂದಿದ್ದರೆ ಬೆಟ್ಟದಲ್ಲಿ ಮಳೆ ನಿಂತಿದೆ, ಒರತೆ ಮಾತ್ರ ಹರಿಯುತ್ತಿದೆ ಎಂದು ತಿಳಿಯಬಹುದು. ಇಳಿದದ್ದು ಮತ್ತೆ ಜಿಗಿದಿದ್ದರೆ ಇನ್ನೊಂದು ವಾರ ತಾಳುವುದು ಮೇಲು. ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯ ನೀರಿನ ಬಣ್ಣ ನೋಡುವುದೂ ಇದೇ ಲೆಕ್ಕದ ಸುಲಭ ರೂಪ. ಆದರೆ ಅಲ್ಲಿ ಎರಡೂ ನದಿಗಳ ನೀರು ಬೆರೆತಿರುವುದರಿಂದ ಯಾವ ದಾರಿ ಒದ್ದೆ ಎಂಬುದು ತಿಳಿಯದು.

ಪಂಚಾಂಗವನ್ನಷ್ಟೇ ನಂಬಿದವರು ಮೋಸಹೋದ ವರ್ಷಗಳೂ ಇವೆ. 2021ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಅಕಾಲ ಮಳೆ ಸುರಿದು ಕೊಯ್ಲಿನ ಭತ್ತ ಗದ್ದೆಯಲ್ಲೇ ಮೊಳೆತದ್ದನ್ನು ನಮ್ಮ ರೈತರು ಮರೆತಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ಪ್ರವೇಶಿಸಿತು. ಆದ್ದರಿಂದಲೇ ತಿಂಗಳ ಹೆಸರಿಗಿಂತ ಒಳಹರಿವಿನ ಅಂಕಿ ಹೆಚ್ಚು ವಿಶ್ವಾಸಾರ್ಹ.

ಬೆಟ್ಟ ಹಸನಾದಾಗ ಬಯಲಿನ ದಾರಿ ಕೆಡುತ್ತದೆ

ಅಕ್ಟೋಬರ್ ಮಧ್ಯಭಾಗಕ್ಕೆ ನೈರುತ್ಯ ಮಾರುತ ಹಿಂದೆ ಸರಿಯುತ್ತದೆ. ಚಿತ್ತೆ, ಸ್ವಾತಿ ಮಳೆಗಳು ಮಾತ್ರ ಉಳಿದಿರುತ್ತವೆ. ಇವುಗಳ ಸ್ವಭಾವವೇ ಬೇರೆ. ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನದ ಮೇಲೆ ಮೋಡ, ಸಂಜೆ ಗುಡುಗು ಸಿಡಿಲಿನ ಒಂದು ಹೊಡೆತ. ಎರಡು ಗಂಟೆಯೊಳಗೆ ಘಾಟಿಯನ್ನು ಮುಗಿಸಿ ಸೂರಿನಡಿ ಸೇರುವ ಶಿಸ್ತುಳ್ಳವರಿಗೆ ಅಕ್ಟೋಬರ್ ಬಹಳ ಸೊಗಸಾದ ತಿಂಗಳು. ಹಸಿರು ಇನ್ನೂ ಮಾಸಿರುವುದಿಲ್ಲ, ಹಳ್ಳಗಳಲ್ಲಿ ನೀರಿರುತ್ತದೆ, ಮಂಡಗದ್ದೆಯ ತುಂಗಾ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಇನ್ನೂ ಕೆಲವು ದಿನ ಇರುತ್ತವೆ. ವಿಶಾಖ ಮಳೆಯ ಅವಧಿ ನವೆಂಬರ್ 19ರ ಸುಮಾರಿಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಬೆಟ್ಟದ ರಸ್ತೆಗಳು ಒಣಗಿ, ಪಾಚಿ ಸುಟ್ಟು, ದೂರದ ಗಿರಿಸಾಲುಗಳು ಕಾಣತೊಡಗುತ್ತವೆ. ಆಗುಂಬೆಯ ಸೂರ್ಯಾಸ್ತ ನೋಡಲೆಂದು ಹೋಗುವವರಿಗೆ ಮೋಡವಿಲ್ಲದ ಪಡುವಣ ದಿಗಂತ ಹೆಚ್ಚಾಗಿ ಸಿಗುವುದು ಈ ದಿನಗಳಲ್ಲಿ.

ಆದರೆ ಬೆಟ್ಟ ಹಸನಾದ ಅದೇ ವಾರಗಳಲ್ಲಿ ಮಲೆಬೆನ್ನೂರಿನ ಸುತ್ತಲಿನ ರಸ್ತೆಗಳು ವರ್ಷದಲ್ಲೇ ಅತ್ಯಂತ ಅಪಾಯಕಾರಿಯಾಗುತ್ತವೆ ಎಂಬುದನ್ನು ಯಾವ ಪ್ರವಾಸ ಕೈಪಿಡಿಯೂ ಹೇಳುವುದಿಲ್ಲ. ಅದು ಕೊಯ್ಲಿನ ಕಾಲ. ಅಕ್ಟೋಬರ್‌ನಿಂದಲೇ ಮೆಕ್ಕೆಜೋಳ ರಸ್ತೆಗೆ ಬರುತ್ತದೆ. ಡಾಂಬರಿನ ಅರ್ಧ ಭಾಗಕ್ಕೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟು ಒಣಗಿಸುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತ. ರಾಗಿ, ಹುರುಳಿ, ಅವರೆಗಳನ್ನಂತೂ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಲು ರಸ್ತೆಯ ಉದ್ದಗಲಕ್ಕೂ ಹಾಸಿರುತ್ತಾರೆ. ಕಣ ಮಾಡುವ ಜಾಗವೂ ಆಳೂ ಇಲ್ಲದ ರೈತನ ಕಷ್ಟ ಅರ್ಥವಾಗುವಂತಹುದೇ. ಆದರೆ ಬೈಕಿನ ಟೈರಿನ ಕೆಳಗೆ ಜೋಳದ ಕಾಳು ಗೋಲಿಗಳಂತೆ ಉರುಳುತ್ತದೆ. ಹುಲ್ಲಿನ ಹಾಸಿನ ಮೇಲೆ ಮುಂದಿನ ಬ್ರೇಕ್ ಒತ್ತಿದವನು ನೆಲಕ್ಕೆ ಬೀಳುವುದು ಖಚಿತ. ಒಣಹುಲ್ಲು ಸರಪಳಿಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರಿಗೆ ತಗುಲಿ ಹೊಗೆಯಾಡುವುದೂ ಉಂಟು. ಅಂಚಿನ ಕಲ್ಲುಗಳಲ್ಲಿ ಒಂದೆರಡು ರಾತ್ರಿಯೂ ಅಲ್ಲೇ ಉಳಿದಿರುತ್ತವೆ. ಹುಲ್ಲಿನ ರಾಶಿ ಹೊತ್ತು ಹಿಂಬದಿಗೆ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳು, ರಸ್ತೆಯನ್ನೆಲ್ಲ ಆವರಿಸಿ ಬರುವ ಕಟಾವು ಯಂತ್ರಗಳು ಬೇರೆ. ಒಟ್ಟು ಪ್ರಯಾಣದಲ್ಲಿ ಘಾಟಿಗಿಂತ ಹೆಚ್ಚು ಎಚ್ಚರ ಬೇಕಾದುದು ಮಲೆಬೆನ್ನೂರಿನಿಂದ ಶಿವಮೊಗ್ಗದವರೆಗಿನ ಸಮತಟ್ಟಾದ ಹಾದಿಯಲ್ಲಿ ಎಂದರೆ ತಪ್ಪಾಗದು.

ಹಾಸಿದ ಫಸಲು ಎದುರಾದರೆ ಉಪಾಯವೊಂದೇ. ಅದರ ಮೇಲೆ ಹೋಗುವ ಮುನ್ನವೇ ವೇಗ ಇಳಿಸಿ, ಗೇರ್ ತಗ್ಗಿಸಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟುವುದು. ಅಚ್ಚುಕಟ್ಟು ಪ್ರದೇಶದಲ್ಲಿ ಇನ್ನೊಂದು ಬಗೆಯ ಕೇಡೂ ಇದೆ. ನಾಟಿಯ ದಿನಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ ಮತ್ತು ಬೇಸಿಗೆ ಬೆಳೆಗೆ ನಾಲೆಯ ನೀರು ಬಿಟ್ಟಾಗ ಜನವರಿ-ಫೆಬ್ರವರಿಯಲ್ಲಿ, ಕೆಸರುಗದ್ದೆಯಿಂದ ನೇರವಾಗಿ ರಸ್ತೆಗೇರುವ ಟ್ರ್ಯಾಕ್ಟರುಗಳು ಉದುರಿಸುವ ಮಣ್ಣಿನ ಹೆಂಟೆಗಳು. ಇಬ್ಬನಿ ಬಿದ್ದ ಮುಂಜಾನೆ ಆ ಜೇಡಿ ಸೋಪಿನಂತಿರುತ್ತದೆ.

ಈ ಹತ್ತು ವಾರಗಳಲ್ಲಿ ತಪ್ಪಿಸಬೇಕಾದ ದಿನಗಳೂ ಇವೆ. ಡಿಸೆಂಬರ್‌ನಲ್ಲಿ ಮಾರ್ಗಶಿರ ಹುಣ್ಣಿಮೆಗೆ ಬರುವ ದತ್ತಜಯಂತಿಯ ಆಸುಪಾಸಿನಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆಗೆ ಪ್ರವಾಸಿಗರ ಪ್ರವೇಶವನ್ನು ಜಿಲ್ಲಾಡಳಿತ ಕೆಲವು ದಿನ ನಿರ್ಬಂಧಿಸುತ್ತದೆ. ಇದನ್ನರಿಯದೆ ಚಿಕ್ಕಮಗಳೂರಿನವರೆಗೂ ಹೋಗಿ ತನಿಖಾ ಠಾಣೆಯಿಂದ ಮರಳಿದವರು ಪ್ರತಿವರ್ಷವೂ ಇರುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಬೆಂಗಳೂರಿನ ಕಾರುಗಳಿಗೆ ಮೀಸಲು. ಸೀತಾಳಯ್ಯನಗಿರಿಯಿಂದ ಮೇಲಕ್ಕೆ ರಸ್ತೆ ಕಿರಿದಾದುದರಿಂದ ಅಲ್ಲಿ ಬೈಕು ಕೂಡ ಅಲುಗಾಡುವುದಿಲ್ಲ. ಈ ದಟ್ಟಣೆಯ ಕಾರಣದಿಂದಲೇ 2025ರಲ್ಲಿ ಗಿರಿಶ್ರೇಣಿಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತರಲಾಯಿತು. ಹೊರಡುವ ಮುನ್ನ ಅಂದಿನ ನಿಯಮವೇನೆಂದು ವಿಚಾರಿಸಿಕೊಳ್ಳುವುದು ಕ್ಷೇಮ. ಸಂಕ್ರಾಂತಿ ಕಳೆದ ಮೇಲಿನ ಎರಡು ವಾರಗಳ ನಡುವಾರದ ದಿನಗಳು, ಅಂದರೆ ಮಂಗಳವಾರದಿಂದ ಗುರುವಾರದವರೆಗೆ, ಈ ಲೇಖನದ ಮಟ್ಟಿಗೆ ವರ್ಷದ ಅತ್ಯುತ್ತಮ ದಿನಗಳು. ಮಳೆಯಿಲ್ಲ, ಜನವಿಲ್ಲ, ಬಯಲಿನ ಕೊಯ್ಲೂ ಮುಗಿದಿರುತ್ತದೆ. ರಜೆ ಸಿಗುವುದು ಕಷ್ಟ ಎಂಬುದು ಬೇರೆ ಮಾತು.

ಘಾಟಿ ರಸ್ತೆಗಳ ದುರಸ್ತಿ ನಡೆಯುವುದೂ ಒಣ ದಿನಗಳಲ್ಲೇ. ಶಿರಾಡಿ ಘಾಟಿಯನ್ನು ಕಾಂಕ್ರೀಟು ಕಾಮಗಾರಿಗಾಗಿ 2015ರಲ್ಲೂ 2018ರಲ್ಲೂ ಜನವರಿಯಿಂದಲೇ ತಿಂಗಳುಗಟ್ಟಲೆ ಮುಚ್ಚಲಾಗಿತ್ತು. ಸಾಗರದ ಕಡೆಯ ಸುದ್ದಿ ಮಾತ್ರ ಹರ್ಷದಾಯಕ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅಲ್ಲಿಯವರೆಗೆ ಸಿಗಂದೂರಿಗೆ ಲಾಂಚೇ ಗತಿಯಾಗಿತ್ತು. ಬೇಸಿಗೆಯ ಕೊನೆಗೆ ಹಿನ್ನೀರು ಇಳಿದರೆ ವಾಹನಗಳನ್ನು ಸಾಗಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. ಈಗ ಆ ದಾರಿಗೆ ನೀರಿನ ಮಟ್ಟದ ಹಂಗಿಲ್ಲ. ಮಳೆಗಾಲದಲ್ಲಿ ತೆರೆದ ಹಿನ್ನೀರಿನ ಮೇಲಿನ ಅಡ್ಡಗಾಳಿಗೆ ಬೈಕುಗಳು ಅಂಜಬೇಕಾದುದಷ್ಟೇ.

ಬೇಸಿಗೆ ಮತ್ತು ಉಣ್ಣೆ

ಫೆಬ್ರವರಿ ಕಳೆದರೆ ಬೆಟ್ಟ ಒಣಗಿ ಕಾಳ್ಗಿಚ್ಚಿನ ಕಾಲ ಬರುತ್ತದೆ. ಅರಣ್ಯ ಇಲಾಖೆ ಚಾರಣದ ಮಾರ್ಗಗಳನ್ನು ಮುಚ್ಚುವುದುಂಟು. ಮೊದಲ ಹೂಮಳೆ ಬಿದ್ದ ಕೆಲವು ದಿನಗಳಿಗೆ ಚಿಕ್ಕಮಗಳೂರಿನ ಕಾಫಿ ತೋಟಗಳು ಬಿಳಿ ಹೂ ಹೊದ್ದು ಮಲ್ಲಿಗೆಯಂತೆ ಘಮಿಸುವುದೊಂದು ಸಂಭ್ರಮ. ಅದು ಎರಡು ಮೂರು ದಿನದ ಮಾತು, ದಿನ ಗೊತ್ತುಮಾಡಿ ಹೋಗಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ಬೆಟ್ಟದ ಮೇಲೆ ಹಿತವೆನಿಸಿದರೂ ಮಧ್ಯಾಹ್ನ ಬಯಲಿಗಿಳಿದು ಮನೆ ಸೇರುವುದು ಶಿಕ್ಷೆಯೇ ಸರಿ. ದೀರ್ಘ ಬೇಸಿಗೆಯ ನಂತರ ಬೀಳುವ ಮೊದಲ ಮಳೆಯ ಅರ್ಧ ಗಂಟೆ ಎಲ್ಲ ಮಳೆಗಳಿಗಿಂತ ಜಾರು. ತಿಂಗಳುಗಳ ಎಣ್ಣೆ, ಧೂಳು ಒಟ್ಟಿಗೇ ತೇಲಿಬರುತ್ತವೆ. ಆಗ ಪಕ್ಕಕ್ಕೆ ನಿಲ್ಲಿಸಿ ಚಹಾ ಕುಡಿಯುವುದು ವಿವೇಕ.

ಒಣ ತಿಂಗಳುಗಳ ವಿಷಯದಲ್ಲಿ ಬಯಲಿನವರು ಅಷ್ಟಾಗಿ ಯೋಚಿಸದ ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗದಲ್ಲಿ ಇದು ಹಲವರ ಪ್ರಾಣ ತೆಗೆದುಕೊಂಡಿತು. ಮಳೆಗಾಲದಲ್ಲಿ ಇಂಬಳ ಕಚ್ಚಿದರೆ ರಕ್ತವಷ್ಟೇ ಹೋಗುತ್ತದೆ. ಬೇಸಿಗೆಯ ಉಣ್ಣೆ ಹಾಗಲ್ಲ. ರಸ್ತೆಯ ಮೇಲೆಯೇ ಸಾಗುವವನಿಗೆ ಭಯಪಡಬೇಕಾದುದಿಲ್ಲ. ಬೈಕು ನಿಲ್ಲಿಸಿ ತರಗೆಲೆಯ ಮೇಲೆ ಬುತ್ತಿ ಬಿಚ್ಚುವುದು, ಕಾಡಿನೊಳಗೆ ಒರಗುವುದು ಬೇಡ. ಮಂಗ ಸತ್ತ ಸುದ್ದಿಯಿರುವ ಊರಿನ ಕಾಡಿಗೆ ಕಾಲಿಡಲೇಬಾರದು. ಆ ಸೀಮೆಯ ಜನರಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಅಗತ್ಯವಿದ್ದವರು ವಿಚಾರಿಸಬಹುದು. ಪ್ರವಾಸದಿಂದ ಮರಳಿದ ವಾರದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮಳೆಗಾಲದಲ್ಲೇ ರಜೆ ಸಿಗುವ, ದೂರದ ಆಸೆಯುಳ್ಳ ಸವಾರರಿಗೆ ಒಂದು ಪರ್ಯಾಯವಿದೆ. ಲಡಾಖ್ ಕೂಡ ಮಲೆಬೆನ್ನೂರಿನಂತೆಯೇ ಮಳೆಯ ನೆರಳಿನ ನಾಡು. ಮನಾಲಿ-ಲೇಹ್ ದಾರಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಣಿವೆಯ ಕಷ್ಟ ತಪ್ಪಿದೆ. ನಮ್ಮ ಘಾಟಿಗಳು ಮುಳುಗಿರುವ ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ದಾರಿ ಒಣಗಿರುತ್ತದೆ. ಆದರೂ ಲೇಹ್ ಪಟ್ಟಣವನ್ನು ಮೇಘಸ್ಫೋಟ ಕೊಚ್ಚಿದ್ದು 2010ರ ಆಗಸ್ಟ್‌ನಲ್ಲೇ ಎಂಬುದು ನೆನಪಿನಲ್ಲಿರಲಿ.

ಹೊರಡುವ ಹೊತ್ತು

ಋತು ಆರಿಸಿದ ಮೇಲೆ ಗಂಟೆಯ ಆಯ್ಕೆ ಉಳಿಯುತ್ತದೆ. ನಸುಕಿನ ನಾಲ್ಕಕ್ಕೇ ಹೊರಡುವುದು ಶೌರ್ಯವೆಂಬ ಭಾವನೆ ತರುಣರಲ್ಲಿದೆ. ಚಳಿಗಾಲದಲ್ಲಿ ಅದು ಅವಿವೇಕ. ಡಿಸೆಂಬರ್ ಕೊನೆಗೆ ಸೂರ್ಯ ಮೂಡುವುದು ಆರೂ ಮುಕ್ಕಾಲರ ಸುಮಾರಿಗೆ. ಅದಕ್ಕೂ ಮುಂಚೆ ಗದ್ದೆ ಬಯಲಿನ ಇಬ್ಬನಿಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರೂ ರಸ್ತೆಯ ಅಂಚಿನ ಕಲ್ಲೂ ಕಾಣಲಾರವು. ಬೆಳಕು ಹರಿದ ಮೇಲೆ ಏಳಕ್ಕೆ ಹೊರಟರೂ ಎಂಟೂವರೆ, ಒಂಬತ್ತಕ್ಕೆ ಶಿವಮೊಗ್ಗದಲ್ಲಿ ತಿಂಡಿ. ತುಂಗಾ ತೀರದ ಮಂಜು ಕರಗುವ ಹೊತ್ತಿಗೆ ಸರಿಯಾಗಿ ತೀರ್ಥಹಳ್ಳಿಯ ದಾರಿ. ಮಧ್ಯಾಹ್ನದೊಳಗೆ ಆಗುಂಬೆ ಸೇರಬಹುದು.

ಹೊರಡುವ ಮುನ್ನ ಟೈರಿನ ಗಾಳಿಯನ್ನು ಎಂಜಿನ್ ತಣ್ಣಗಿರುವಾಗಲೇ ನೋಡಿಕೊಳ್ಳಬೇಕು. ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಏರಬಹುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಬೈಕಿಗೂ ಸಲ್ಲುತ್ತದೆ. ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ಜಾರುಬಿಡುವವರ ಬ್ರೇಕು ಏಳೆಂಟು ತಿರುವುಗಳೊಳಗೆ ಕಾದು ಸೋಲುತ್ತದೆ.

ಆಗುಂಬೆಯ ಸೂರ್ಯಾಸ್ತ ಡಿಸೆಂಬರ್‌ನಲ್ಲಿ ಆರು ಗಂಟೆಯ ಸುಮಾರಿಗೆ. ಅದನ್ನು ನೋಡಿ ಅಂದೇ ರಾತ್ರಿ 150 ಕಿ.ಮೀ.ಗೂ ಹೆಚ್ಚು ದೂರ ಮರಳುವ ಯೋಜನೆ ಹಾಕಿದವರು ಕಾಡುದಾರಿಯನ್ನೂ ಕೊಯ್ಲಿನ ರಸ್ತೆಯನ್ನೂ ಕತ್ತಲಲ್ಲೇ ದಾಟಬೇಕಾಗುತ್ತದೆ. ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ತಂಗಿ ಮರುದಿನ ಹೊರಡುವುದಾದರೆ, ಬೆಳಗಿನ ಹನ್ನೊಂದರೊಳಗೆ ಹೊನ್ನಾಳಿಯ ತುಂಗಭದ್ರಾ ಸೇತುವೆ ದಾಟಬಹುದು. ರಸ್ತೆಗೆ ಜೋಳ ಹರವಲು ಜನ ಆಗಷ್ಟೇ ಚೀಲ ಬಿಚ್ಚುತ್ತಿರುತ್ತಾರೆ.